ಕೋಳಿ ಫಾರಂನ ವಿಮಾ ಕಂತು ಮತ್ತು ಹಾಜರಿ ಪುಸ್ತಕ

ರಾಣೇಬೆನ್ನೂರು, ಹಿರೇಕೆರೂರು, ಬ್ಯಾಡಗಿ ಕಡೆಯ ಕೋಳಿ ಫಾರಂಗಳ ಕಾರ್ಮಿಕ ಪರಿಹಾರ ಪಾಲಿಸಿಗಳನ್ನು ಹುಬ್ಬಳ್ಳಿಯ ಒಂದು ವಿಮಾ ಏಜೆನ್ಸಿಯಿಂದ ನೋಡಿಕೊಳ್ಳುವುದು ನನ್ನ ಕೆಲಸ. ಮಾಲೀಕರು ಮೊದಲು ಕೇಳುವುದು ಸಾಮಾನ್ಯವಾಗಿ ಇಷ್ಟೇ: "ಹತ್ತು ಸಾವಿರ ಕೋಳಿ ಶೆಡ್ಡಿಗೆ ಎಷ್ಟು ಬೀಳ್ತದರೀ?" ಕೋಳಿಗಳ ಸಂಖ್ಯೆಗೂ ಈ ಕಂತಿಗೂ ಸಂಬಂಧವಿಲ್ಲ. ವರ್ಷಕ್ಕೆ ಕೊಡುವ ಒಟ್ಟು ಪಗಾರ ಮತ್ತು ಕೆಲಸದ ಅಪಾಯ, ಇವೆರಡರ ಮೇಲೆ ಕಂತು ನಿಗದಿಯಾಗುತ್ತದೆ. ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ ಸೇರುತ್ತದೆ. ವರ್ಷದ ಆರಂಭದಲ್ಲಿ ಅಂದಾಜು ಪಗಾರ ಬರೆದುಕೊಟ್ಟು, ಕೊನೆಯಲ್ಲಿ ನಿಜವಾಗಿ ಕೊಟ್ಟದ್ದನ್ನು ತೋರಿಸಿ ವ್ಯತ್ಯಾಸ ಸರಿಪಡಿಸಿಕೊಳ್ಳಬೇಕು.

ಕಂತು ಕಡಿಮೆಯಾಗಲೆಂದು ಪಗಾರವನ್ನೇ ಕಡಿಮೆ ಬರೆಯುವವರಿದ್ದಾರೆ. ತಿಂಗಳಿಗೆ 14,000 ರೂಪಾಯಿ ಪಡೆಯುವ 30 ವರ್ಷದ ಕಾರ್ಮಿಕನೊಬ್ಬ ಫೀಡ್ ಮಿಕ್ಸರ್‌ನ ಬೆಲ್ಟಿಗೆ ಸಿಕ್ಕಿಯೋ, ಶೆಡ್ಡು ತಂಪಾಗಲೆಂದು ನೀರು ಸಿಂಪಡಿಸುವ ಫಾಗರ್ ಬಿಟ್ಟ ಒದ್ದೆ ನೆಲದಲ್ಲಿ ಕರೆಂಟು ತಗುಲಿಯೋ ತೀರಿಕೊಂಡರೆ, ಪಗಾರದ ಅರ್ಧವನ್ನು ಅವನ ವಯಸ್ಸಿಗೆ ಕಾನೂನಿನಲ್ಲಿ ನಿಗದಿಯಾದ ಗುಣಕ 207.98ರಿಂದ ಗುಣಿಸಬೇಕು: ಪರಿಹಾರ 14,55,860 ರೂಪಾಯಿ. ಪಾಲಿಸಿಯಲ್ಲಿ 8,000 ಎಂದು ಬರೆಸಿದ್ದರೆ ಅದೇ ಲೆಕ್ಕ 8,31,920ಕ್ಕೆ ನಿಲ್ಲುತ್ತದೆ. ಉಳಿದ ಆರು ಲಕ್ಷ ಚಿಲ್ಲರೆ ಮಾಲೀಕನ ತಲೆಗೆ ಬರುವ ಸಂಭವವೇ ಹೆಚ್ಚು. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದ ಈ ಸೂತ್ರವು 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಉಳಿದಿದೆ. ಒಂದು ತಿಂಗಳಲ್ಲಿ ಹಣ ಕಟ್ಟದಿದ್ದರೆ ಶೇ 12ರ ಬಡ್ಡಿ, ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡ. ಆ ದಂಡವನ್ನು ಸಾಮಾನ್ಯವಾಗಿ ಯಾವ ಪಾಲಿಸಿಯೂ ತುಂಬಿಕೊಡುವುದಿಲ್ಲ.

ಇದಕ್ಕಿಂತ ತೊಡಕಿನದು ಕೋಳಿ ಹಿಡಿಯುವವರ ವಿಷಯ. ಬ್ಯಾಚ್ ತೂಕಕ್ಕೆ ಬಂದ ರಾತ್ರಿ ಮೇಸ್ತ್ರಿಯೊಬ್ಬ ತನ್ನ ತಂಡವನ್ನು ಕರೆತರುತ್ತಾನೆ. ಕೋಳಿ ಬೆದರಬಾರದೆಂದು ಶೆಡ್ಡಿನ ದೀಪ ತಗ್ಗಿಸಿರುತ್ತಾರೆ, ಕೈಯೊಂದಕ್ಕೆ ನಾಲ್ಕೈದು ಕೋಳಿ ಹಿಡಿದ ಹುಡುಗರು ಹೊಟ್ಟಿನ ಮೇಲೆ ಜಾರುತ್ತ ಬಂದು ಲಾರಿಯಲ್ಲಿ ಎತ್ತರಕ್ಕೆ ಜೋಡಿಸಿದ ಕ್ರೇಟುಗಳ ಮೇಲೆ ಹತ್ತುತ್ತಾರೆ. ಇಡೀ ಫಾರಂನಲ್ಲಿ ಬಿದ್ದು ಪೆಟ್ಟಾಗುವ ಭಯ ಹೆಚ್ಚಿರುವುದು ಇಲ್ಲಿಯೇ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿರುವುದೂ ಇವರದೇ. "ಅವ್ರು ಮೇಸ್ತ್ರಿ ಮಂದಿ, ನಮ್ಮವ್ರಲ್ಲ" ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಕೆಲಸವು ನಿಮ್ಮ ವ್ಯಾಪಾರದ ಭಾಗವಾಗಿದ್ದು, ಅಪಘಾತ ನಿಮ್ಮ ಹಿಡಿತದ ಜಾಗದಲ್ಲಿ ನಡೆದಿದ್ದರೆ, ಗುತ್ತಿಗೆದಾರನ ಕಾರ್ಮಿಕನಿಗೂ ನೀವೇ ಪರಿಹಾರ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕಾಗುತ್ತದೆ. ಮರಿ ಮತ್ತು ಫೀಡು ಕಂಪನಿಯದು, ಶೆಡ್ಡು ರೈತನದು ಎಂಬ ಒಪ್ಪಂದದ ಸಾಕಣೆಯಲ್ಲಿ ಮುಖ್ಯ ಮಾಲೀಕರು ಯಾರೆಂಬ ಜಗಳವೇ ವರ್ಷಗಟ್ಟಲೆ ಎಳೆಯಬಹುದು. ಆದ್ದರಿಂದ ಈ ಕೋಳಿ ಹಿಡಿಯುವ (ಲಿಫ್ಟಿಂಗ್) ತಂಡದ ಹೊಣೆ ಯಾರದೆಂದು ಒಪ್ಪಂದದಲ್ಲಿಯೇ ಬರೆಸಿಕೊಳ್ಳಿ, ಗುತ್ತಿಗೆ ಕಾರ್ಮಿಕರ ರಕ್ಷಣೆಯನ್ನು ಪಾಲಿಸಿಗೆ ಸೇರಿಸಿಕೊಳ್ಳಿ ಎಂದು ನಾನು ಪಟ್ಟು ಹಿಡಿಯುತ್ತೇನೆ. ಇದಕ್ಕೆ ಕಂತು ಏರುತ್ತದೆ, ನಿಜ. ಆದರೂ ಈ ಒಂದು ಬಾಬತ್ತಿನಲ್ಲಿ ನಾನು ರಿಯಾಯಿತಿಯ ಮಾತಾಡುವುದಿಲ್ಲ.

ಉಳಿತಾಯಕ್ಕೆ ಬೇರೆ ಜಾಗಗಳಿವೆ. ಫೀಡ್ ಮಿಲ್ಲಿನಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮಾ ಯೋಜನೆ) ವ್ಯಾಪ್ತಿಗೆ ಬಂದ ಕಾರ್ಮಿಕರು ಅದೇ ಗಾಯಕ್ಕೆ ಮಾಲೀಕನಿಂದ ಪ್ರತ್ಯೇಕ ಪರಿಹಾರ ಕೇಳುವಂತಿಲ್ಲವಾದ್ದರಿಂದ, ಅವರನ್ನು ಈ ಪಾಲಿಸಿಯಲ್ಲಿ ಮತ್ತೆ ಸೇರಿಸಿ ಕಂತು ಕಟ್ಟುವುದು ದುಡ್ಡು ದಂಡ. ಕಚೇರಿಯ ಗುಮಾಸ್ತನನ್ನೂ ಮಿಕ್ಸರ್ ನಡೆಸುವವನನ್ನೂ ಒಂದೇ ದರದಡಿ ತುಂಬಿಸಿದ ಅರ್ಜಿಗಳೂ ನನ್ನ ಮೇಜಿಗೆ ಬರುತ್ತವೆ. ಕೆಲಸವಾರು ಬೇರೆ ಮಾಡಿದರೆ ಕಂತು ಇಳಿಯುತ್ತದೆ. ಆದರೆ ಆಸ್ಪತ್ರೆ ಖರ್ಚಿನ ಹೆಚ್ಚುವರಿ ರಕ್ಷಣೆಯನ್ನು ಮಾತ್ರ ಕೈಬಿಡಬೇಡಿ, ಏಕೆಂದರೆ ಗಾಯದ ಚಿಕಿತ್ಸೆಯ ವೆಚ್ಚವನ್ನೂ ಮಾಲೀಕನೇ ಕೊಡಬೇಕೆಂದು ಕಾನೂನು ಹೇಳುತ್ತದೆ.

ಸಾವು ಸಂಭವಿಸಿದಾಗ ಊರ ಹಿರಿಯರನ್ನು ಕೂಡಿಸಿ, ಹೆಂಡತಿಯ ಕೈಗೆ ಹಣ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುವ ರೂಢಿ ನಮ್ಮ ಕಡೆ ಇದೆ. ಹಾಗೆ ಕೊಟ್ಟ ಹಣವನ್ನು ಕಾನೂನು ಪರಿಹಾರವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪರಿಹಾರದ ಮೊತ್ತವನ್ನು ಸಕ್ಷಮ ಅಧಿಕಾರಿಯ ಬಳಿ ಠೇವಣಿ ಇಡಬೇಕು. ಅಂತ್ಯಕ್ರಿಯೆ, ಮನೆಖರ್ಚಿಗೆಂದು ಅವಲಂಬಿತರಿಗೆ ಮುಂಗಡ ಕೊಡಲೇಬೇಕೆನಿಸಿದರೆ, ಮೂರು ತಿಂಗಳ ಪಗಾರದಷ್ಟನ್ನು ಮಾತ್ರ ಕೊಟ್ಟು ರಸೀದಿ ಪಡೆಯಿರಿ; ಉಳಿದುದನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿದ ಮೇಲೆಯೇ ಮುಂದುವರಿಸಿರಿ.