ನೆಟ್ಟಗ ನಿಂದ್ರು

ಆಪರೇಷನ್ ಆದಮೇಲೆ ನನ್ನ ಎತ್ತರ 3 ಸೆಂಟಿಮೀಟರ್ ಜಾಸ್ತಿ ಆಯಿತು. ಯಾರಿಗೆ ಹೇಳಿದರೂ ಮೊದಲು ಖುಷಿಯಾಗುವುದು ಈ ಸುದ್ದಿಗೇ. ಹದಿನೇಳನೇ ವಯಸ್ಸಿಗೆ, ಬೆಳೆಯುವುದು ಹೆಚ್ಚುಕಡಿಮೆ ನಿಂತ ಮೇಲೆ, ಒಂದೇ ದಿನದಲ್ಲಿ ಅಷ್ಟು ಬೆಳೆಯುವುದು ಅಂದರೆ ಸುಮ್ನೆ ಮಾತಾ? ಆದರೆ ಹೊಸದಾಗಿ ಬೆಳೆದದ್ದು ಏನೂ ಇಲ್ಲ. ಬೆನ್ನಿನ ಡೊಂಕಿನಲ್ಲಿ ಅಡಗಿದ್ದ ಉದ್ದ ಹೊರಗೆ ಬಂತು, ಅಷ್ಟೇ.

ನನಗಿದ್ದದ್ದು ಸ್ಕೋಲಿಯೋಸಿಸ್. ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತದೆ, ಜೊತೆಗೆ ತಿರುಚಿಕೊಳ್ಳುತ್ತದೆ ಕೂಡ. ತಿರುಚಿಕೊಳ್ಳುವುದರಿಂದಲೇ ಒಂದು ಕಡೆಯ ಪಕ್ಕೆಲುಬು ಹಿಂದಕ್ಕೆ ಉಬ್ಬಿ ಬರುವುದು. ನೆಟ್ಟಗೆ ನಿಂತಾಗ ಅಷ್ಟಾಗಿ ಗೊತ್ತಾಗುವುದಿಲ್ಲ. ಎರಡೂ ಕೈ ಜೋಡಿಸಿ ಮುಂದಕ್ಕೆ ಬಗ್ಗಿದರೆ ಬೆನ್ನಿನ ಒಂದು ಬದಿ ಎತ್ತರಕ್ಕೆ ಏಳುತ್ತದೆ. ಡಾಕ್ಟರುಗಳು ಮೊದಲು ಮಾಡಿಸುವ ಪರೀಕ್ಷೆಯೂ ಇದೇ. ನಮ್ಮ ಮನೆಯಲ್ಲಿ ಈ ಪರೀಕ್ಷೆ ಬಚ್ಚಲುಮನೆಯಲ್ಲೇ ಆಗಿಹೋಯಿತು. ದೀಪಾವಳಿಗೆ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದ ಅವ್ವನ ಕೈ ಬಲಗಡೆ ಬಂದು ನಿಂತಿತು. "ಇದೇನವ್ವ ಇಲ್ಲಿ ಉಬ್ಬ್ಯಾದ?" ಅಂದಳು. ಅಲ್ಲಿಯವರೆಗೆ ಅವಳು ದಿನಾ ನನಗೆ ಹೇಳುತ್ತಿದ್ದ ಮಾತು ಒಂದೇ. "ನೆಟ್ಟಗ ನಿಂದ್ರು." ನಾನು ನೆಟ್ಟಗೇ ನಿಂತಿದ್ದೇನೆ ಅಂತ ನನಗೆ ಅನಿಸುತ್ತಿತ್ತು.

ಕಲಬುರಗಿಯಲ್ಲಿ ಮೊದಲು ನೋಡಿದವರು, ಬೆಳೆಯುವ ಹುಡುಗಿ, ತಾನೇ ಸರಿ ಹೋಗುತ್ತದೆ ಅಂದರು. ಅದನ್ನು ನಂಬಿ ಕೂತೆವು. ಹೈದರಾಬಾದಿಗೆ ಹೋಗಿ ಇಡೀ ಬೆನ್ನಿನ ಎಕ್ಸ್‌ರೇ ತೆಗೆಸಿದಾಗ ಬಾಗು 56 ಡಿಗ್ರಿ ಆಗಿತ್ತು. 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್ ಅನ್ನುತ್ತಾರೆ. ಸುಮಾರು 25ರಿಂದ 40ರ ಒಳಗಿದ್ದು, ಮೂಳೆ ಇನ್ನೂ ಬೆಳೆಯುತ್ತಿದ್ದರೆ ಸೊಂಟ ಎದೆಗೆಲ್ಲ ಗಟ್ಟಿ ಬೆಲ್ಟ್ ಹಾಕಿ ಬಾಗುವುದನ್ನು ತಡೆಯಲು ನೋಡಬಹುದು. 50 ದಾಟಿದರೆ ದೊಡ್ಡವರಾದ ಮೇಲೂ ಅದು ನಿಧಾನವಾಗಿ ಹೆಚ್ಚುತ್ತಾ ಹೋಗುವ ಸಾಧ್ಯತೆ ಇರುತ್ತದೆ. ನನಗೆ ಬೆಲ್ಟಿನ ಕಾಲ ಮುಗಿದುಹೋಗಿತ್ತು. "ಯಾಕ ಬಂತು?" ಅಂತ ಅಪ್ಪ ಕೇಳಿದರು. ಹತ್ತರಲ್ಲಿ ಎಂಟು ಜನರಿಗೆ ಯಾಕೆ ಬರುತ್ತದೆ ಅಂತ ಗೊತ್ತಾಗುವುದಿಲ್ಲ, ಶಾಲೆ ಬ್ಯಾಗಿನಿಂದಲೂ ಅಲ್ಲ, ಮಲಗುವ ರೀತಿಯಿಂದಲೂ ಅಲ್ಲ ಅಂದರು ಡಾಕ್ಟರ್. ಅವ್ವ ತಲೆ ಆಡಿಸಿದಳು. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿ, "ಬ್ಯಾಗ್ ಒಂದೇ ಹೆಗಲಿಗಿ ಹಾಕ್ಕೋಬ್ಯಾಡ ಅಂತ ಎಷ್ಟ್ ಸಲ ಹೇಳೀನಿ" ಅಂದಳು.

ಪಿಯುಸಿ ಪರೀಕ್ಷೆ ಮುಗಿದ ಮೇಲೆ ಆಪರೇಷನ್. ಅದರ ಬಗ್ಗೆ ಹೇಳಲು ನನ್ನ ಹತ್ತಿರ ಜಾಸ್ತಿ ಏನಿಲ್ಲ, ನಾನು ಮಲಗಿದ್ದೆ. ಬೋರಲು ಮಲಗಿಸಿ, ಮೂಳೆಗಳಿಗೆ ಎರಡೂ ಕಡೆ ಟೈಟಾನಿಯಂ ಸ್ಕ್ರೂ ಹಾಕಿ, ಎರಡು ರಾಡ್ ಕೂಡಿಸಿ, ಬೆನ್ನನ್ನು ಸಾಧ್ಯವಾದಷ್ಟು ನೇರ ಮಾಡುತ್ತಾರೆ. ಹಾಗೆ ಮಾಡುವಾಗ ನರಕ್ಕೆ ಪೆಟ್ಟಾಗುತ್ತಿದೆಯಾ ಅಂತ ತಲೆಗೂ ಕಾಲಿಗೂ ವೈರ್ ಹಚ್ಚಿ ಉದ್ದಕ್ಕೂ ನೋಡುತ್ತಿರುತ್ತಾರೆ. ಆಮೇಲೆ ಮೂಳೆಯ ಚೂರುಗಳನ್ನು ನಡುವೆ ತುಂಬುತ್ತಾರೆ. ರಾಡೇ ಬೆನ್ನನ್ನು ಕೊನೆತನಕ ಹಿಡಿದಿಡುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಆರು ತಿಂಗಳೋ ವರ್ಷವೋ ಕಳೆಯುವಷ್ಟರಲ್ಲಿ ಆ ಚೂರುಗಳು ಬೆಸೆದು ಎಲ್ಲ ಒಂದೇ ಮೂಳೆ ಆಗಬೇಕು. ಅಲ್ಲಿಯವರೆಗೆ ಅಲುಗಾಡದ ಹಾಗೆ ಹಿಡಿದುಕೊಳ್ಳುವುದು ರಾಡಿನ ಕೆಲಸ. ನನ್ನ ಬೆನ್ನಲ್ಲಿ ಹಾಗೆ 10 ಮೂಳೆ ಈಗ ಒಂದಾಗಿವೆ.

ಎಚ್ಚರವಾದಾಗ ಕೇಳಿದ ಮೊದಲ ಮಾತು, "ಕಾಲಿನ ಬೆರಳು ಆಡಿಸಮ್ಮ." ಆಡಿಸಿದೆ. ಮುಖ ಊದಿತ್ತು. ಗಂಟೆಗಟ್ಟಲೆ ಬೋರಲು ಮಲಗಿದ್ದಕ್ಕಂತೆ. ಅಪ್ಪ ಒಳಗೆ ಬಂದವರು ಮುಖ ನೋಡಿ ಹಾಗೇ ಹೊರಗೆ ಹೋದರು. ಆ ಮೇಲಿನ ನೋವನ್ನು ಬರೆಯುವ ಆಸೆ ನನಗಿಲ್ಲ. ನೋವಿನ ಮಾತ್ರೆಯಿಂದ ಹೊಟ್ಟೆ ಕಟ್ಟಿಕೊಂಡದ್ದು ಬೆನ್ನಿಗಿಂತ ಜಾಸ್ತಿ ಕಾಡಿತು ಅನ್ನುವುದನ್ನು ಮಾತ್ರ ಹೇಳುತ್ತೇನೆ. ಇದನ್ನು ಮೊದಲೇ ಯಾರೂ ಹೇಳುವುದಿಲ್ಲ.

ಮರುದಿನವೇ ಎಬ್ಬಿಸಿ ಕೂರಿಸಿದರು. ಹೆಗಲು, ಸೊಂಟ, ಮೊಣಕಾಲು ಮೂರೂ ಒಟ್ಟಿಗೆ ಹೊರಳಬೇಕು, ನಡುವೆ ತಿರುಚಬಾರದು. ನಿಂತ ಕೂಡಲೇ ನಾನು ಕೂಗಿಕೊಂಡೆ. ಎಡಗಡೆಗೆ ಬೀಳುತ್ತಿದ್ದೇನೆ ಅನಿಸಿತು. ಹಿಡಿದುಕೊಂಡಿದ್ದ ಫಿಸಿಯೋಥೆರಪಿ ಮೇಡಂ ನಕ್ಕರು, ಕನ್ನಡಿ ಎದುರು ನಿಲ್ಲಿಸಿದರು. ಕನ್ನಡಿಯಲ್ಲಿ ನಾನು ನೆಟ್ಟಗಿದ್ದೆ. ಕಣ್ಣು ಮುಚ್ಚಿದರೆ ಮತ್ತೆ ವಾಲುತ್ತಿದ್ದೆ. ಇಷ್ಟು ವರ್ಷ ಸೊಟ್ಟಗಿದ್ದದ್ದನ್ನೇ ನೇರ ಅಂತ ತಲೆ ಒಪ್ಪಿಕೊಂಡಿತ್ತು, ಈಗ ನಿಜವಾದ ನೇರ ಅದಕ್ಕೆ ಸೊಟ್ಟ. ಇದು ಸರಿ ಹೋಗಲು ಗಾಯ ಮಾಯುವುದಕ್ಕಿಂತ ಜಾಸ್ತಿ ದಿನ ಬೇಕಾಯಿತು. ಕಲಬುರಗಿಗೆ ಬಂದ ಮೇಲೂ ಬಾಗಿಲಲ್ಲಿ ನುಗ್ಗುವಾಗ ಎಡಗಡೆಯ ಚೌಕಟ್ಟಿಗೆ ತಾಗುತ್ತೇನೆ ಅಂತ ಹೆದರಿ ಬಲಕ್ಕೆ ಸರಿಯುತ್ತಿದ್ದೆ, ಬಲ ಹೆಗಲು ಹೋಗಿ ತಾಗುತ್ತಿತ್ತು.

ವಾಪಸು ಬಂದದ್ದು ರೈಲಿನಲ್ಲಿ. ಕಾರು ಬೇಡ, ರಸ್ತೆಯ ಗುಂಡಿ ನೆನೆದರೇ ಬೆನ್ನು ಜುಮ್ ಅನ್ನುತ್ತದೆ ಅಂತ ನಾನೇ ಹಟ ಹಿಡಿದೆ. ಕೆಳಗಿನ ಬರ್ತಿನಲ್ಲಿ ಮಲಗಿ ತಾಂಡೂರು, ಸೇಡಂ, ಚಿತ್ತಾಪುರ ದಾಟಿದೆ. ಸ್ಟೇಷನ್ನಿನಿಂದ ಮನೆಗೆ ಆಟೋದಲ್ಲಿ ಬಂದ ಚೂರು ದಾರಿಯೇ ಇಡೀ ರೈಲು ದಾರಿಗಿಂತ ಉದ್ದ ಅನಿಸಿತು. ಆಟೋದವರು ಪಾಪ ನಡೆದುಕೊಂಡು ಹೋಗುವವರಿಗಿಂತ ನಿಧಾನ ಓಡಿಸಿದರು.

ಮನೆಯಲ್ಲಿ ಕಾದಿದ್ದದ್ದು ಮೇ ತಿಂಗಳು. ನಮ್ಮೂರಿನ ಮೇ ಗೊತ್ತಲ್ವಾ, 42 ಡಿಗ್ರಿ ಅಂದರೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಗಾಯ ಒಣಗುವವರೆಗೆ ಸ್ನಾನ ಇಲ್ಲ. ಬರೀ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಬೆನ್ನಿನ ಉದ್ದಕ್ಕೂ ಪಟ್ಟಿ, ಅದರ ಕೆಳಗೆ ಬೆವರು, ತುರಿಕೆ, ತುರಿಸುವ ಹಾಗಿಲ್ಲ. ಬೇಸಿಗೆ ಬಂದರೆ ನಾವೆಲ್ಲ ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ ಅಲ್ಲೇ ಉರುಳುವವರು. ನನಗೆ ನೆಲ ಬಂದ್. ಕೆಳಗೆ ಮಲಗಿದರೆ ಏಳುವುದು ಹೇಗೆ? ಅಂಗಳದ ಹೊರಸಂತೂ ನಡುವೆ ಜೋತು ಬಿದ್ದಿರುತ್ತದೆ, ಅದನ್ನು ಅಪ್ಪ ಅಟ್ಟಕ್ಕೆ ಹಾಕಿದರು. ಕೂಲರಿನ ಎದುರು ಮಂಚ ಹಾಕಿದ್ದರು. ಕರೆಂಟ್ ಹೋದಾಗ ಅವ್ವ ಮೊರದಿಂದ ಗಾಳಿ ಹಾಕುತ್ತಿದ್ದಳು.

ನೋಡಲು ಬರುವವರದು ಇನ್ನೊಂದು ಕಥೆ. ಬಾಳೆಹಣ್ಣು ತಂದವರೆಲ್ಲ ಒಂದು ಪ್ರಶ್ನೆಯನ್ನೂ ತರುತ್ತಿದ್ದರು. ಕಬ್ಬಿಣ ತುಕ್ಕು ಹಿಡಿಯುವುದಿಲ್ಲವಾ? (ಕಬ್ಬಿಣ ಅಲ್ಲ.) ಮತ್ತೆ ಯಾವಾಗ ತೆಗೆಯುತ್ತಾರೆ? (ತೊಂದರೆ ಆಗದಿದ್ದರೆ ತೆಗೆಯುವುದಿಲ್ಲ.) ಬಗಲ ಮನೆಯ ಕಾಕು ಮಾತ್ರ ಬೇರೆಯೇ ಯೋಚನೆ ಮಾಡಿಕೊಂಡು ಬಂದಿದ್ದರು. "ಮಳಿಗಾಲದಾಗ ಹೊಲದ ಕಡಿ ಹೋಗಬ್ಯಾಡ ಮತ್ತ. ಸಿಡ್ಲು ಎಳೀತದ." ನಮ್ಮ ಕಡೆ ಹೊಲದಲ್ಲಿ ಸಿಡಿಲಿಗೆ ಸತ್ತವರು ಇದ್ದಾರೆ, ಹಾಗಾಗಿ ನಗಲು ಆಗಲಿಲ್ಲ. ಮೈಯೊಳಗಿನ ರಾಡು ಸಿಡಿಲು ಎಳೆಯುವುದಿಲ್ಲ ಅಂತ ಅಪ್ಪ ಎಷ್ಟು ಹೇಳಿದರೂ ಅವರು ಒಪ್ಪದೇ ಚಹಾ ಕುಡಿದು ಹೋದರು.

ಮೈ ಬದಲಾದದ್ದು ನನಗೆ ಚೆನ್ನಾಗಿ ಗೊತ್ತಾಗಿದ್ದು ಬಟ್ಟೆಯಲ್ಲಿ. ಮೊದಲು ಯಾವ ಕುರ್ತಾ ಹಾಕಿದರೂ ಅಂಚು ಒಂದು ಕಡೆ ಮೇಲಿರುತ್ತಿತ್ತು. ಸೊಂಟಕ್ಕೆ ಒಂದೇ ಬದಿ ಇತ್ತು, ಇನ್ನೊಂದು ಬದಿ ಸಪಾಟು. ಈಗ ಎರಡೂ ಇವೆ. ಹಿಂದಿನ ಉಬ್ಬು ಪೂರ್ತಿ ಹೋಗಿಲ್ಲ, ಕೈ ಇಟ್ಟರೆ ಸಿಗುತ್ತದೆ. ಬಲ ಹೆಗಲ ಮೇಲೆ ವೇಲ್ ಇಳಿಬಿಟ್ಟು ಪಿನ್ ಹಾಕುವುದು, ಜಡೆಯನ್ನು ಅದೇ ಕಡೆ ಬಿಡುವುದು, ಇವು ಮುಚ್ಚಿಡುವ ಉಪಾಯಗಳಾಗಿದ್ದವು. ಮುಚ್ಚುವಂಥದ್ದು ಉಳಿಯದಿದ್ದರೂ ಆ ಪಿನ್ ತಿಂಗಳುಗಟ್ಟಲೆ ಅಲ್ಲೇ ಇತ್ತು.

ಆ ವರ್ಷದ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದೆವು. ಬಂಧುಬಳಗ ನನ್ನನ್ನು ಒಟ್ಟಿಗೆ ನೋಡಿದ್ದು ಅವತ್ತೇ. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಬಂದು ಎಲ್ಲರೂ ನೆಲಕ್ಕೆ ಕೂತರು. ಚಕ್ಕಳಮಕ್ಕಳ ಹಾಕಿ ಕೂರುವುದು ಕಷ್ಟ ಇರಲಿಲ್ಲ. ಕಷ್ಟ ಇದ್ದದ್ದು ತಟ್ಟೆಯದು. ಬೆನ್ನು ಗುಂಡಗೆ ಬಾಗುವುದಿಲ್ಲ, ಏನಿದ್ದರೂ ಸೊಂಟದಿಂದ ಕೆಳಗೆ ಬಗ್ಗಬೇಕು. ಹಾಗೆ ಬಗ್ಗಿ ಒಂದೊಂದು ತುತ್ತು ಎತ್ತುವುದಕ್ಕಿಂತ ತಟ್ಟೆಯನ್ನೇ ತೊಡೆಯ ಮೇಲಿಟ್ಟುಕೊಂಡೆ. ಭಜ್ಜಿ, ಸಜ್ಜೆ ಕಡುಬು, ಎರಡೂ ಚೆನ್ನಾಗಿಯೇ ಇಳಿದವು. ಹಿರಿಯರ ಕಾಲಿಗೆ ಬೀಳುವಾಗ ಮೊಣಕಾಲೂರಿ, ಹಲಗೆಯ ಹಾಗೆ ಮುಂದಕ್ಕೆ ವಾಲಿದೆ. ಚಿಕ್ಕ ಮಕ್ಕಳು ಅದನ್ನು ನೋಡಿ ಕಲಿತು ಸಾಯಂಕಾಲದವರೆಗೆ ಅದೇ ಆಟ ಆಡಿದವು.

ಅತ್ತೆ ಅವ್ವನನ್ನು ಪಕ್ಕಕ್ಕೆ ಕರೆದರು, ಆದರೂ ಎಲ್ಲರಿಗೂ ಕೇಳಿಸಿತು. "ಮುಂದ ಲಗ್ನಕ್ಕ ಏನೂ ಅಡ್ಡಿ ಇಲ್ಲಲ್ಲ?" ಅವ್ವ ಕಡುಬು ಬಡಿಸುವುದನ್ನು ನಿಲ್ಲಿಸಲಿಲ್ಲ. "ಡಾಕ್ಟರಿಗಿ ಕೇಳೀವಿ. ಲಗ್ನಾನೂ ಆಗ್ತದ, ಮಕ್ಕಳೂ ಆಗ್ತಾವ. ಮದಲ ಡಿಗ್ರಿ ಮುಗೀಲಿ." ಆಯಿಗೆ, ಅಂದರೆ ನನ್ನ ಅಜ್ಜಿಗೆ, ಇದು ಯಾವುದೂ ಬೇಕಿರಲಿಲ್ಲ, ಅವಳಿಗೆ ಗಾಯ ನೋಡಬೇಕಿತ್ತು. ಬನ್ನಿ ಗಿಡದ ಹಿಂದೆ ಕರೆದುಕೊಂಡು ಹೋಗಿ ತೋರಿಸಿದೆ. ಗೆರೆಯ ಮೇಲೆ ಬೆರಳು ಓಡಿಸಿದಳು. ಅಲ್ಲಲ್ಲಿ ಚರ್ಮಕ್ಕೆ ಇನ್ನೂ ಸ್ಪರ್ಶ ಬಂದಿಲ್ಲ, ಅವಳ ಬೆರಳು ಒಮ್ಮೆ ಗೊತ್ತಾಗುತ್ತಿತ್ತು, ಒಮ್ಮೆ ಇಲ್ಲ. "ಛಂದ ಹೊಲ್ದಾರ" ಅಂದಳು ಆಯಿ. ಕೌದಿ ಹೊಲಿಯುವವಳ ಮಾತು, ಹೊಗಳಿಕೆ ಅಂತಲೇ ತೆಗೆದುಕೊಂಡೆ.

ಈಗ ಓಡುತ್ತೇನೆ, ಸ್ಕೂಟಿ ಓಡಿಸುತ್ತೇನೆ. ಬಿದ್ದ ಪೆನ್ನನ್ನು ಕುಕ್ಕರುಗಾಲಲ್ಲಿ ಕೂತು ಎತ್ತುತ್ತೇನೆ. ಚಳಿಗೆ ಮುದುರಿ ಮಲಗಲು ಆಗುವುದಿಲ್ಲ, ಅದೊಂದು ನನಗೆ ನಿಜವಾಗಿಯೂ ಬೇಜಾರು. ಒಲೆ ಮುಂದೆ ಕೂತು ಬಗ್ಗಿ ರೊಟ್ಟಿ ಬಡಿಯುವುದೂ ನನ್ನಿಂದಾಗದು. ಹಾಗಾಗಿ ಗ್ಯಾಸ್ ಕಟ್ಟೆಯ ಮೇಲೆ ಕೊಣಮಿಗೆ (ರೊಟ್ಟಿ ಬಡಿಯುವ ಪರಾತ) ಇಟ್ಟುಕೊಂಡು ನಿಂತೇ ಬಡಿಯುತ್ತೇನೆ. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಆಗುತ್ತದೆ. ಬೆನ್ನಿನಿಂದಾಗಿ ಹೀಗೆ ಅಂತ ಹೇಳಿ ನೋಡಿದೆ.

"ಆಪರೇಷನ್ ಆಗೂಕಿನ ಮದಲೂ ಹಿಂಗೇ ಬಡೀತಿದ್ದಿ" ಅಂದಳು ಅವ್ವ.