ಜನಮತಗಣನೆಯ ರಾತ್ರಿ ಕಾಯುವುದು ಸ್ಟಾಪ್ ಲಾಸ್ ಅಲ್ಲ, ಲಾಟ್ ಗಾತ್ರ

ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ, ಹೊರಡಬೇಕೇ ಎಂದು ಬ್ರಿಟನ್ ನಡೆಸಿದ ಜನಮತಗಣನೆಯ ಮತಗಟ್ಟೆಗಳು 2016ರ ಜೂನ್ 23ರ ರಾತ್ರಿ ಹತ್ತು ಗಂಟೆಗೆ ಮುಚ್ಚಿದವು. ಅದಾದ ಸ್ವಲ್ಪ ಹೊತ್ತಿಗೆ ಪೌಂಡು 1.50 ಡಾಲರ್ ಮುಟ್ಟಿತು. ಬೆಳಗಾಗುವಷ್ಟರಲ್ಲಿ ಅದೇ ಪೌಂಡು 1.3230ರ ಆಸುಪಾಸಿಗೆ ಬಂದಿತ್ತು. ಸಾಮಾನ್ಯ ದಿನಗಳಲ್ಲಿ ನೂರು ಪಿಪ್ (ಇಲ್ಲಿ ಒಂದು ಪಿಪ್ ಎಂದರೆ 0.0001 ಡಾಲರ್) ಅತ್ತಿತ್ತ ಓಡಾಡುವ ಪೌಂಡು–ಡಾಲರ್ ಜೋಡಿ ಒಂದೇ ರಾತ್ರಿಯಲ್ಲಿ ಹತ್ತಿರ ಹತ್ತಿರ 1,770 ಪಿಪ್ ಕುಸಿಯಿತು. ಕರೆನ್ಸಿ ಟ್ರೇಡಿಂಗ್ ಮಾಡುವ ಯಾರೇ ಆಗಲಿ, ಮುಂದಿನ ಯಾವುದೇ ದೊಡ್ಡ ಜನಮತಗಣನೆಗೆ ಮುಂಚೆ ಈ ಒಂದು ರಾತ್ರಿಯನ್ನು ಲೆಕ್ಕ ಸಮೇತ ಬಿಡಿಸಿ ನೋಡಬೇಕು.

ಮೊದಲು ಬೆಲೆಯ ಸ್ವಭಾವ ಅರ್ಥವಾಗಬೇಕು. ಬಡ್ಡಿ ದರದ ಘೋಷಣೆ, ಉದ್ಯೋಗದ ಅಂಕಿಅಂಶ ಇವುಗಳಲ್ಲಿ ಫಲಿತಾಂಶ ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಅಂತ ಬರುತ್ತದೆ. ಜನಮತಗಣನೆಯಲ್ಲಿ ಹೌದು, ಇಲ್ಲ ಎರಡೇ. ಮತದಾನಕ್ಕೆ ಮುಂಚಿನ ಬೆಲೆ ಈ ಎರಡರ ನಡುವಿನ ಸರಾಸರಿ. ಒಂದು ಉದಾಹರಣೆ ಹಿಡಿಯೋಣ: 'ಉಳಿಯೋಣ' ಗೆದ್ದರೆ ಪೌಂಡು 1.52, 'ಹೊರಡೋಣ' ಗೆದ್ದರೆ 1.36, ಮಾರುಕಟ್ಟೆ ಉಳಿಯುವ ಸಾಧ್ಯತೆಯನ್ನು ಶೇ 80 ಅಂತ ಅಂದಾಜಿಸಿದೆ. ಆಗ ಇವತ್ತಿನ ಬೆಲೆ 0.8 × 1.52 ಮತ್ತು 0.2 × 1.36 ಕೂಡಿದರೆ ಬರುವ 1.488. ಮರುದಿನ ಬೆಲೆ ಎಲ್ಲಿ ಬೇಕಾದರೂ ಇರಬಹುದು, ಈ 1.488ರಲ್ಲಿ ಮಾತ್ರ ಇರುವುದಿಲ್ಲ. ಮೇಲಕ್ಕೆ ಹೋದರೆ 320 ಪಿಪ್, ಕೆಳಕ್ಕೆ ಹೋದರೆ 1,280. "ಗೆಲ್ಲುವ ಸಾಧ್ಯತೆ ಶೇ 80 ಇದೆಯಲ್ಲ" ಎಂದು ಪೌಂಡು ಕೊಂಡವರಿಗೆ ಲಾಭವೇನೂ ಪುಕ್ಕಟೆಯಾಗಿ ಇರಲಿಲ್ಲ. ಆ ಶೇ 80 ಆಗಲೇ ಬೆಲೆಯೊಳಗೆ ಸೇರಿಹೋಗಿತ್ತು.

ಈ ಲೆಕ್ಕವನ್ನು ಯಾರು ಬೇಕಾದರೂ ಒಂದು ಹಾಳೆಯ ಮೇಲೆ ಮಾಡಬಹುದು. ಬೆಟ್ಟಿಂಗ್ ದರದಿಂದ ಸಾಧ್ಯತೆ ತೆಗೆದುಕೊಳ್ಳಿ, ಎರಡು ಫಲಿತಾಂಶಗಳಿಗೂ ಒಂದೊಂದು ಬೆಲೆ ಬರೆದುಕೊಳ್ಳಿ. ಸಾಧ್ಯತೆಯನ್ನು ಹತ್ತು ಅಂಕ ಆಚೀಚೆ ಮಾಡಿ ಮತ್ತೆ ಲೆಕ್ಕ ಹಾಕಿ, ಯಾಕೆಂದರೆ ಸಮೀಕ್ಷೆಗಳನ್ನು ಅಷ್ಟು ನಂಬಲಾಗದು. ಬ್ರಿಟನ್ನಿನಲ್ಲಿ ಆ ದಿನ ಟಿವಿ ವಾಹಿನಿಗಳ ಮತಗಟ್ಟೆ ಸಮೀಕ್ಷೆಯೇ ನಡೆಯಲಿಲ್ಲ. ಹೋಲಿಸಿ ನೋಡಲು ಹಿಂದಿನ ಚುನಾವಣೆಯಂಥ ಆಧಾರ ಇಲ್ಲದಿದ್ದದ್ದೇ ಕಾರಣ. ಮತದಾನ ಮುಗಿದೊಡನೆ ಬಂದ ಯೂಗವ್ ಸಮೀಕ್ಷೆ 52–48ರಲ್ಲಿ ಉಳಿಯುವವರೇ ಮುಂದು ಎಂದಿತು. ನಿಜವಾದ ಫಲಿತಾಂಶ ಬಂದಾಗ ಹೊರಡುವವರು ಶೇ 51.9, ಉಳಿಯುವವರು ಶೇ 48.1. ನಾಲ್ಕು ಅಂಕದಷ್ಟೇ ವ್ಯತ್ಯಾಸ, ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಆಗುವಂಥದ್ದೇ. ಪೌಂಡಿಗೆ ಮಾತ್ರ ಅದು ಪ್ರಳಯವಾಯಿತು.

ಈಗ ಸ್ಟಾಪ್ ಲಾಸ್ ವಿಷಯ, ಅಂದರೆ ಬೆಲೆ ಇಷ್ಟಕ್ಕೆ ಬಂದರೆ ಪೊಸಿಷನ್ (ತೆರೆದಿಟ್ಟ ವ್ಯವಹಾರ) ಮುಚ್ಚು ಎಂದು ಮೊದಲೇ ಇಡುವ ಆರ್ಡರ್. ಹೆಚ್ಚಿನ ತಪ್ಪು ತಿಳಿವಳಿಕೆ ಇಲ್ಲೇ. ಸ್ಟಾಪ್ ಎಂದರೆ ಇಂಥ ಬೆಲೆಗೆ ಮಾರಿಕೊಡುತ್ತೇವೆ ಎಂಬ ಭರವಸೆಯಲ್ಲ. ಆ ಬೆಲೆ ಮುಟ್ಟಿದಾಗ ಅದು ಮಾರ್ಕೆಟ್ ಆರ್ಡರ್ ಆಗಿ ಬದಲಾಗುತ್ತದೆ, ಆಮೇಲೆ ಸಿಕ್ಕ ಬೆಲೆಗೆ ಹೋಗುತ್ತದೆ. ಕೊಳ್ಳುವವರು ಹಿಂದೆ ಸರಿದಿದ್ದರೆ ಸಿಗುವ ಬೆಲೆ ಬಹಳ ಕೆಳಗಿರುತ್ತದೆ. 2015ರ ಜನವರಿ 15ರಂದು ಸ್ವಿಸ್ ರಾಷ್ಟ್ರೀಯ ಬ್ಯಾಂಕು ಯೂರೊ–ಫ್ರಾಂಕ್ ಜೋಡಿಗೆ ಇಟ್ಟಿದ್ದ 1.20ರ ತಳವನ್ನು ಕಿತ್ತುಹಾಕಿದಾಗ, 1.20ಕ್ಕಿಂತ ಸ್ವಲ್ಪವೇ ಕೆಳಗೆ ಸ್ಟಾಪ್ ಇಟ್ಟಿದ್ದ ಎಷ್ಟೋ ಜನರ ಆರ್ಡರ್‌ಗಳು ಎಲ್ಲೋ ಪಾತಾಳದಲ್ಲಿ ಭರ್ತಿಯಾದವು. ಖಾತೆಯ ಹಣವೆಲ್ಲ ಹೋಗಿ, ಬ್ರೋಕರ್‌ಗೇ ಬಾಕಿ ಕೊಡಬೇಕಾದ ಸ್ಥಿತಿ ಬಂತು. ಅದು ಜನಮತಗಣನೆಯಲ್ಲ, ಆದರೆ ಯಾಂತ್ರಿಕತೆ ಅದೇ. ಇದಕ್ಕಿಂತ ಕೆಟ್ಟ ಬೆಲೆಗೆ ಮಾರಬೇಡ ಎಂಬ ಮಿತಿಯನ್ನೂ ಸೇರಿಸುವ ಸ್ಟಾಪ್ ಲಿಮಿಟ್ ಹಾಕಿದರೆ ಕೆಟ್ಟ ಬೆಲೆಯಿಂದ ತಪ್ಪಿಸಿಕೊಳ್ಳಬಹುದು, ಆದರೆ ಬೆಲೆ ಲಿಮಿಟ್ ಹಾರಿ ಹೋದರೆ ಆರ್ಡರ್ ಭರ್ತಿಯಾಗದೆ ನಷ್ಟ ಬೆಳೆಯುತ್ತಲೇ ಇರುತ್ತದೆ. ಇಂಥ ರಾತ್ರಿಗೆ ಸ್ಟಾಪ್ ಲಿಮಿಟ್ ಹಾಕುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಅಪಾಯದ ಆಯ್ಕೆ.

ಇಟ್ಟ ಬೆಲೆಗೇ ಮುಚ್ಚಿಕೊಡುವ ಗ್ಯಾರಂಟೀಡ್ ಸ್ಟಾಪ್ ಸಿಗುವ ಕಡೆ ಅದನ್ನು ಕೊಳ್ಳಬಹುದು, ಅದಕ್ಕೆ ಪ್ರತ್ಯೇಕ ಶುಲ್ಕ ಇರುತ್ತದೆ. ಆದರೆ ದಿನ ಹತ್ತಿರವಾದಂತೆ ಬ್ರೋಕರ್‌ಗಳು ಅದನ್ನು ನಿಲ್ಲಿಸಬಹುದು, ಅಥವಾ ಬೆಲೆಯಿಂದ ಇಷ್ಟು ದೂರ ಇಡಲೇಬೇಕು ಎಂದು ಅಂತರ ಹೆಚ್ಚಿಸಬಹುದು. ಬೇಕಿದ್ದರೆ ವಾರಗಳ ಮೊದಲೇ ನಿಯಮ ಓದಿ ಹಾಕಿಕೊಳ್ಳಬೇಕು.

ಇನ್ನೊಂದು ಸೂಕ್ಷ್ಮ ಇದೆ, ಅನುಭವಸ್ಥರೂ ಎಡವುವಂಥದ್ದು. ಹಲವು ಟ್ರೇಡಿಂಗ್ ಸಾಫ್ಟ್‌ವೇರ್‌ಗಳಲ್ಲಿ ಚಾರ್ಟ್ ತೋರಿಸುವುದು ಬಿಡ್ ಬೆಲೆಯನ್ನು (ನಾವು ಮಾರುವಾಗ ಸಿಗುವ ಬೆಲೆ) ಮಾತ್ರ. ಬೆಲೆ ಇಳಿಯುತ್ತದೆಂದು ಮೊದಲೇ ಮಾರಿ ಕೂತವರ ಸ್ಟಾಪ್ ತೆರೆಯುವುದು ಆಸ್ಕ್ ಬೆಲೆಯ (ಕೊಳ್ಳುವಾಗ ಕೊಡಬೇಕಾದ ಬೆಲೆ) ಮೇಲೆ. ಒಂದೆರಡು ಪಿಪ್ ಇದ್ದ ಸ್ಪ್ರೆಡ್ (ಇವೆರಡರ ನಡುವಿನ ಅಂತರ) ಮತ ಎಣಿಕೆಯ ಹೊತ್ತಿಗೆ 30–40 ಪಿಪ್ ಆಗಿಬಿಟ್ಟರೆ, ಚಾರ್ಟಿನಲ್ಲಿ ಬೆಲೆ ಸ್ಟಾಪ್ ಹತ್ತಿರಕ್ಕೂ ಹೋಗದಿದ್ದರೂ ಪೊಸಿಷನ್ ಮುಚ್ಚಿಹೋಗುತ್ತದೆ. ಆಮೇಲೆ ಬೆಲೆ ಎಣಿಸಿದ ದಿಕ್ಕಿಗೇ ಓಡುತ್ತದೆ.

ಹಾಗಾದರೆ ಕಾಯುವುದು ಯಾವುದು? ಲಾಟ್ ಗಾತ್ರ, ಅಂದರೆ ಎಷ್ಟು ಪೌಂಡಿನ ಮೇಲೆ ಟ್ರೇಡ್ ಮಾಡುತ್ತೀರಿ ಎಂಬುದು; ಒಂದು ಲಾಟ್ ಎಂದರೆ 1,00,000 ಪೌಂಡು. ಖಾತೆಯಲ್ಲಿ 10,000 ಡಾಲರ್ ಇದೆ, ಪ್ರತಿ ಟ್ರೇಡಿಗೆ ಶೇ 1 ಅಂದರೆ 100 ಡಾಲರ್ ಮಾತ್ರ ಕಳೆದುಕೊಳ್ಳುವ ಶಿಸ್ತು ಇದೆ ಅಂದುಕೊಳ್ಳಿ. 50 ಪಿಪ್ ಸ್ಟಾಪ್ ಇಟ್ಟರೆ ಪಿಪ್‌ಗೆ 2 ಡಾಲರ್, ಅಂದರೆ 0.2 ಲಾಟ್, 20,000 ಪೌಂಡು. ಮಾಮೂಲಿ ದಿನಕ್ಕೆ ಇದು ಎಚ್ಚರಿಕೆಯ ಲೆಕ್ಕವೇ. ಜೂನ್ 23ರ ರಾತ್ರಿಗೆ ಇದೇ ಗಾತ್ರ ಹೊತ್ತು ಕೂತು, ಸ್ಟಾಪ್ ಎಲ್ಲೂ ಭರ್ತಿಯಾಗದೆ ತಳದವರೆಗೂ ಹೋದರೆ ನಷ್ಟ 3,540 ಡಾಲರ್, ಖಾತೆಯ ಶೇ 35. ಸ್ಟಾಪ್ ನಡುವೆ ಎಲ್ಲೋ ಭರ್ತಿಯಾಗುವ ಸಂಭವವೇ ಹೆಚ್ಚು, ನಿಜ. ಆದರೆ ಎಲ್ಲಿ ಎಂದು ಮೊದಲೇ ಹೇಳಲು ಸಾಧ್ಯವಿಲ್ಲದ ಮೇಲೆ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಆದ್ದರಿಂದ ಲೆಕ್ಕವನ್ನು ತಿರುವಿ ಹಾಕಬೇಕು. ಸ್ಟಾಪ್ ದೂರದ ಬದಲು ಕೆಟ್ಟ ಫಲಿತಾಂಶದ ಜಿಗಿತವನ್ನು ಹಿಡಿಯಿರಿ: 1.48ರಿಂದ 1.33ಕ್ಕೆ, 1,500 ಪಿಪ್. ಈ ಒಂದು ಘಟನೆಗೆ ಖಾತೆಯ ಶೇ 3, ಅಂದರೆ 300 ಡಾಲರ್ ಹೋದರೂ ತಡೆದುಕೊಳ್ಳಬಹುದು ಎಂದಾದರೆ 300 ಭಾಗಿಸು 1,500, ಪಿಪ್‌ಗೆ 20 ಸೆಂಟ್. ಅದು 0.02 ಲಾಟ್, ಮೊದಲಿನ ಗಾತ್ರದ ಹತ್ತನೇ ಒಂದು ಭಾಗ. ಇಷ್ಟು ಸಣ್ಣ ಗಾತ್ರಕ್ಕೆ ರಾತ್ರಿಯೆಲ್ಲ ಎದ್ದು ಕೂರುವುದು ಬೇಡ ಅನ್ನಿಸಿದರೆ ಪೊಸಿಷನ್ ಮುಚ್ಚುವುದೇ ಸರಿ.

ಮಾರ್ಜಿನ್ ಕಡೆಯಿಂದಲೂ, ಅಂದರೆ ಪೊಸಿಷನ್ ಇಟ್ಟುಕೊಳ್ಳಲು ಬ್ರೋಕರ್ ಕೇಳುವ ಠೇವಣಿಯಿಂದಲೂ, ಪೆಟ್ಟು ಬರುತ್ತದೆ, ಅದೂ ಬೆಲೆ ಅಲುಗಾಡುವ ಮೊದಲೇ. ಆ ಜೂನ್‌ನಲ್ಲಿ ಅನೇಕ ಬ್ರೋಕರ್‌ಗಳು ಪೌಂಡಿನ ಜೋಡಿಗಳ ಮಾರ್ಜಿನ್ ಏರಿಸಿದರು. ಒಂದು ಲಾಟ್ ಅಂದರೆ 1.50ರ ದರದಲ್ಲಿ 1,50,000 ಡಾಲರ್. ಶೇ 2 ಮಾರ್ಜಿನ್ ಇದ್ದಾಗ 3,000 ಡಾಲರ್ ಸಾಕು. ಅದು ಶೇ 10ಕ್ಕೆ ಏರಿದರೆ 15,000 ಬೇಕು. 10,000 ಡಾಲರ್ ಖಾತೆಯಲ್ಲಿ ಆ ಲಾಟ್ ಬೆಲೆ ಬದಲಾಗದೆಯೇ ಬಲವಂತವಾಗಿ ಮುಚ್ಚಿಹೋಗಬಹುದು. ಹಳೆಯ ಪೊಸಿಷನ್‌ಗಳಿಗೂ ಹೊಸ ದರ ಅನ್ವಯವಾಗುತ್ತದೆಯೇ, ಯಾವ ಗಂಟೆಯಿಂದ, ಜೋಡಿಯ ಎರಡನೇ ಕರೆನ್ಸಿ ಪೌಂಡಾಗಿದ್ದರೂ ಲೆಕ್ಕವೇ — ಈ ಮೂರನ್ನು ಬರಹದಲ್ಲಿ ಕೇಳಿ ಪಡೆಯಿರಿ. ಐರೋಪ್ಯ ಒಕ್ಕೂಟದಲ್ಲಿ ಚಿಲ್ಲರೆ ಗ್ರಾಹಕರ ಸಿಎಫ್‌ಡಿ (ಬೆಲೆಯ ವ್ಯತ್ಯಾಸದ ಮೇಲಷ್ಟೇ ಮಾಡುವ ಒಪ್ಪಂದ) ಖಾತೆ ಶೂನ್ಯಕ್ಕಿಂತ ಕೆಳಗೆ ಹೋಗದಂತೆ ರಕ್ಷಣೆ ಕಡ್ಡಾಯವಾದದ್ದು 2018ರಲ್ಲಿ. ಅದು ಇಲ್ಲದ ಕಡೆ ಖಾತೆ ಇದ್ದರೆ, ಬೇರೆಡೆ ಇರುವ ನಿಮ್ಮ ಹಣವೂ ಪಣಕ್ಕಿದೆ ಎಂದೇ ತಿಳಿಯಬೇಕು.

ಬೇರೆ ಬೇರೆ ಜೋಡಿ ಇಟ್ಟುಕೊಂಡರೆ ಅಪಾಯ ಹಂಚಿಹೋಗುತ್ತದೆ ಎಂಬ ನಂಬಿಕೆಯೂ ಆ ರಾತ್ರಿ ಮುರಿಯಿತು. ಡಾಲರ್–ಯೆನ್ 106ರ ಮೇಲಿಂದ 99ರ ಹತ್ತಿರಕ್ಕೆ, ಪೌಂಡು–ಯೆನ್ 160ರಿಂದ 135ಕ್ಕೂ ಕೆಳಕ್ಕೆ, ಯೂರೊ ಕೂಡ ಡಾಲರ್ ಎದುರು ಕುಸಿಯಿತು. ಹೆದರಿದ ದುಡ್ಡೆಲ್ಲ ಯೆನ್ ಮತ್ತು ಡಾಲರ್ ಕಡೆ ಓಡಿತ್ತು. ಪೌಂಡು–ಡಾಲರ್, ಡಾಲರ್–ಯೆನ್, ಯೂರೊ–ಡಾಲರ್ ಮೂರರಲ್ಲೂ ಕೊಂಡು ಕೂತವರ ಕೈಯಲ್ಲಿ ಇದ್ದದ್ದು ಮೂರು ಟ್ರೇಡ್ ಅಲ್ಲ, ಒಂದೇ ಪಣ. ಹಾಗಾಗಿ 1,500 ಪಿಪ್ ಲೆಕ್ಕವನ್ನು ಪ್ರತಿ ಜೋಡಿಗೂ ಬೇರೆ ಬೇರೆ ಮಾಡದೆ, 'ಹೊರಡೋಣ' ಗೆದ್ದರೆ ಇಡೀ ಖಾತೆಗೆ ಏನಾಗುತ್ತದೆ ಎಂದು ಒಟ್ಟಿಗೆ ಕೂಡಿ ನೋಡಬೇಕು.

ಆಪ್ಷನ್ (ಇಂಥ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು) ಕೊಳ್ಳುವ ಅನುಕೂಲ ಇದ್ದವರಿಗೆ ಅದೇ ಶುದ್ಧವಾದ ದಾರಿ. ಪುಟ್ (ಮಾರುವ ಹಕ್ಕು) ಕೊಂಡರೆ ಹೋಗುವುದು ಅದಕ್ಕೆ ಕೊಟ್ಟ ಬೆಲೆಯಾದ ಪ್ರೀಮಿಯಂ ಮಾತ್ರ, ಜಿಗಿತ ಎಷ್ಟೇ ದೊಡ್ಡದಾದರೂ. ಆದರೆ ಮುಕ್ತಾಯದ ದಿನಾಂಕದ ಜೊತೆಗೆ ಗಂಟೆಯನ್ನೂ ನೋಡಿ. ಬ್ಯಾಂಕುಗಳ ನಡುವಿನ ಕರೆನ್ಸಿ ಆಪ್ಷನ್‌ಗಳು ಸಾಮಾನ್ಯವಾಗಿ ನ್ಯೂಯಾರ್ಕ್ ಬೆಳಗ್ಗೆ ಹತ್ತಕ್ಕೆ, ಅಂದರೆ ಲಂಡನ್ನಿನ ಮಧ್ಯಾಹ್ನ ಮೂರಕ್ಕೆ ಮುಗಿಯುತ್ತವೆ. ಜೂನ್ 23ಕ್ಕೆ ಮುಗಿಯುವ ಪುಟ್ ಕೊಂಡವರ ರಕ್ಷಣೆ ಮತಗಟ್ಟೆ ಮುಚ್ಚುವುದಕ್ಕೆ ಏಳು ಗಂಟೆ ಮೊದಲೇ ಸತ್ತಿರುತ್ತಿತ್ತು. ಬೇಕಾದದ್ದು 24 ಅಥವಾ ಅದರ ನಂತರದ ದಿನಾಂಕ.

ಪ್ರೀಮಿಯಂ ದುಬಾರಿಯೇ ಎಂದು ತಿಳಿಯಲು ಒಂದು ಸುಲಭ ಲೆಕ್ಕ ಇದೆ. ಒಂದು ರಾತ್ರಿಯ ಇಂಪ್ಲೈಡ್ ವೊಲಟಿಲಿಟಿ (ಆಪ್ಷನ್ ಬೆಲೆಯಲ್ಲಿ ಅಡಗಿರುವ ಏರಿಳಿತದ ಅಂದಾಜು, ವರ್ಷದ ಲೆಕ್ಕದಲ್ಲಿ) ಶೇ 80 ಎಂದು ಕಂಡರೆ ವರ್ಷದ ವ್ಯವಹಾರದ ದಿನಗಳಾದ 252ರ ವರ್ಗಮೂಲದಿಂದ, ಅಂದರೆ ಸುಮಾರು 16ರಿಂದ ಭಾಗಿಸಿ. ಬರುವುದು ಶೇ 5. 1.48ರ ಬೆಲೆಗೆ 740 ಪಿಪ್ ಆಚೀಚೆ. ನೀವು ಬರೆದುಕೊಂಡ ಎರಡು ಬೆಲೆಗಳ ಜೊತೆ ಇದನ್ನು ಹೋಲಿಸಿ. ಒಂದು ಎಚ್ಚರ: ಈ 740 ಎರಡೂ ದಿಕ್ಕಿಗೆ ಸಮಾನ, ನಿಮ್ಮ ಹಾಳೆಯಲ್ಲಿ ಇರುವುದು 320 ಮತ್ತು 1,280. ಕೆಳಗಿನ ಸ್ಟ್ರೈಕ್‌ಗಳ (ಹಕ್ಕಿನಲ್ಲಿ ನಿಗದಿಯಾದ ಬೆಲೆ) ಪುಟ್‌ಗಳು ಮೇಲಿನ ಕಾಲ್‌ಗಳಿಗಿಂತ (ಕೊಳ್ಳುವ ಹಕ್ಕು) ದುಬಾರಿ ಇರುವುದು ಈ ಕಾರಣಕ್ಕೇ. ಖರ್ಚು ತಗ್ಗಿಸಲು 1.42ರ ಪುಟ್ ಕೊಂಡು 1.36ರ ಪುಟ್ ಮಾರಬಹುದು. ಲಕ್ಷ ಪೌಂಡಿಗೆ ಸಿಗುವ ಗರಿಷ್ಠ 6,000 ಡಾಲರ್, ಅದರಲ್ಲಿ ಪ್ರೀಮಿಯಂ ಕಳೆಯಬೇಕು. 1.36ರ ಕೆಳಗೆ ರಕ್ಷಣೆ ನಿಲ್ಲುತ್ತದೆ ಎಂಬುದು ನೆನಪಿರಲಿ. ಮತ್ತೆ, ಆದಷ್ಟು ಬೇಗ ಕೊಳ್ಳಬೇಕು. ಮತದಾನದ ದಿನಾಂಕವನ್ನು ಆಗಿನ ಬ್ರಿಟನ್ ಪ್ರಧಾನಿ ಕ್ಯಾಮರೂನ್ ಘೋಷಿಸಿದ್ದು ಫೆಬ್ರವರಿ 20ರಂದು, ನಾಲ್ಕು ತಿಂಗಳ ಸಮಯ ಇತ್ತು. ಕೊನೆಯ ವಾರದಲ್ಲಿ ಕೊಂಡವರು ಭಯದ ಬೆಲೆ ಕೊಟ್ಟರು. ಫಲಿತಾಂಶ ಬಂದೊಡನೆ ಆ ಭಯದ ಭಾಗ ಆವಿಯಾಗುತ್ತದೆ.

ಎರಡೂ ಕಡೆ ಪೆಂಡಿಂಗ್ ಆರ್ಡರ್ ಇಟ್ಟು, ಯಾವ ಕಡೆ ಒಡೆದರೆ ಆ ಕಡೆ ಹತ್ತುವ ತಂತ್ರ ಬಹಳ ಜನಪ್ರಿಯ. ಆ ರಾತ್ರಿ ಅದು ಹೇಗೆ ಕೆಡುತ್ತಿತ್ತು ನೋಡಿ. 1.4950ರಲ್ಲಿ ಬೈ ಸ್ಟಾಪ್ (ಬೆಲೆ ಅಲ್ಲಿಗೇರಿದರೆ ಕೊಳ್ಳುವ ಆರ್ಡರ್) ಇಟ್ಟಿದ್ದರೆ ಮತಗಟ್ಟೆ ಮುಚ್ಚಿದ ಮೇಲಿನ ಏರಿಕೆಗೆ ಅದು ತೆರೆದುಕೊಳ್ಳುತ್ತಿತ್ತು. ಒಂದು ತೆರೆದರೆ ಇನ್ನೊಂದು ರದ್ದು ಎಂಬ ವ್ಯವಸ್ಥೆ ಇದ್ದವರ ಮಾರುವ ಆರ್ಡರ್ ಅಲ್ಲಿಗೇ ರದ್ದು. ಆಮೇಲೆ 382 ಎಣಿಕೆ ಕ್ಷೇತ್ರಗಳ ಫಲಿತಾಂಶ ಒಂದೊಂದಾಗಿ ಬರತೊಡಗಿತು. ನ್ಯೂಕ್ಯಾಸಲ್‌ನಲ್ಲಿ ಉಳಿಯುವವರು ಗೆದ್ದರೂ ಶೇ 50.7 ಮಾತ್ರ. ಮಧ್ಯರಾತ್ರಿ ಕಳೆದು ಸ್ವಲ್ಪದರಲ್ಲೇ ಸಂಡರ್‌ಲ್ಯಾಂಡ್‌ನಲ್ಲಿ ಹೊರಡುವವರಿಗೆ ಶೇ 61.3. ಪೌಂಡು ನಿಮಿಷಗಳಲ್ಲಿ ಹಲವು ಸೆಂಟ್ ಕಳೆದುಕೊಂಡಿತು. ಸಂಡರ್‌ಲ್ಯಾಂಡ್ ಹೊರಡುವ ಕಡೆಗೇ ಎಂಬುದು ಮೊದಲೇ ಗೊತ್ತಿತ್ತು. ಬೆಲೆ ಒಡೆದದ್ದು ಅಂತರದ ದೊಡ್ಡತನಕ್ಕೆ. ಪ್ರತಿ ಕ್ಷೇತ್ರದಲ್ಲಿ ಸಮಬಲವಾದರೆ ಎಷ್ಟು ಬರಬೇಕು ಎಂಬ ಪಟ್ಟಿ ಇಟ್ಟುಕೊಂಡವರಿಗೆ ಅರ್ಥವಾಯಿತು, ಉಳಿದವರಿಗೆ ಬಿಬಿಸಿ ಘೋಷಿಸಿದ ಮುಂಜಾನೆ 4.40ರವರೆಗೆ ಗೊಂದಲ.

ಫಲಿತಾಂಶ ಸರಿಯಾಗಿ ಊಹಿಸಿದರೂ ದುಡ್ಡು ಬರುತ್ತದೆಂದು ಇಲ್ಲ. 2016ರ ಡಿಸೆಂಬರ್ 4ರ ಭಾನುವಾರ ಇಟಲಿಯ ಸಂವಿಧಾನ ತಿದ್ದುಪಡಿಗೆ ಜನ ಬೇಡ ಎಂದರು, ಪ್ರಧಾನಿ ರೆಂಝಿ ರಾಜೀನಾಮೆ ಘೋಷಿಸಿದರು. ಯೂರೊ 1.05ರ ಹತ್ತಿರಕ್ಕೆ ಇಳಿದು, ಸೋಮವಾರವೇ ತಿರುಗಿ 1.07 ದಾಟಿತು. ಸ್ಕಾಟ್ಲೆಂಡಿನ 2014ರ ಸೆಪ್ಟೆಂಬರ್ 18ರ ಮತದಾನದಲ್ಲಿ ಶೇ 55.3 ಜನ ಬೇರೆಯಾಗುವುದು ಬೇಡ ಎಂದಾಗ ಪೌಂಡು ಮುಂಜಾನೆ 1.65 ದಾಟಿ, ಅದೇ ದಿನ 1.63ರ ಆಸುಪಾಸಿಗೆ ಇಳಿಯಿತು. ಒಳ್ಳೆಯ ಸುದ್ದಿ ಮೊದಲೇ ಬೆಲೆಯಲ್ಲಿತ್ತು. ಇಟಲಿಯಂತೆ ಭಾನುವಾರದ ಮತದಾನವಾದರೆ ಇನ್ನೊಂದು ತೊಂದರೆ: ಶುಕ್ರವಾರ ರಾತ್ರಿ ಮಾರುಕಟ್ಟೆ ಮುಚ್ಚಿದ ಮೇಲೆ ಯಾವ ಆರ್ಡರೂ ಕೆಲಸ ಮಾಡುವುದಿಲ್ಲ. ನಿರ್ಧಾರ ಶುಕ್ರವಾರ ಮಧ್ಯಾಹ್ನದೊಳಗೇ ಆಗಬೇಕು.

ಮರುದಿನ ಬೆಳಗ್ಗೆ ಗಾತ್ರವನ್ನು ಹಳೆಯ ಮಟ್ಟಕ್ಕೆ ಒಯ್ಯುವ ಆತುರ ಬೇಡ. ಜೂನ್ 27ರ ಸೋಮವಾರ ಪೌಂಡು 1.32ರ ಕೆಳಗೆ ಹೋಯಿತು, ಜುಲೈ ಮೊದಲ ವಾರದಲ್ಲಿ 1.30 ಕೂಡ ಮುರಿಯಿತು, ಆಗಸ್ಟ್ 4ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ದರವನ್ನು ಶೇ 0.25ಕ್ಕೆ ಇಳಿಸಿತು. ಕಳೆದ ಹದಿನಾಲ್ಕು ದಿನಗಳ ಸರಾಸರಿ ದಿನದ ಏರಿಳಿತವನ್ನು ಅಳೆದು ಲಾಟ್ ನಿರ್ಧರಿಸಿ. ಅದು 100 ಪಿಪ್ ಬದಲು 250 ಇದ್ದರೆ ಸ್ಟಾಪ್ ಎರಡೂವರೆ ಪಟ್ಟು ದೂರ, ಗಾತ್ರ ಎರಡೂವರೆ ಪಟ್ಟು ಕಡಿಮೆ. ಏರಿಳಿತ ತಗ್ಗಿದ ಮೇಲೂ ಏಷ್ಯಾದ ಮುಂಜಾನೆಯ ಹೊತ್ತಿಗೆ ದೊಡ್ಡ ಪೊಸಿಷನ್ ಬಿಟ್ಟು ಮಲಗಬೇಡಿ. ಅಕ್ಟೋಬರ್ 7ರಂದು, ಜನಮತಗಣನೆ ಮುಗಿದು ಮೂರೂವರೆ ತಿಂಗಳಾದ ಮೇಲೆ, ಕೊಳ್ಳುವವರು ತೀರ ಕಡಿಮೆ ಇದ್ದ ಅಂಥ ಹೊತ್ತಿನಲ್ಲೇ ಪೌಂಡು ಕೆಲವು ನಿಮಿಷಗಳೊಳಗೆ ಸುಮಾರು ಶೇ 9 ಕುಸಿದು, ಸ್ಟಾಪ್‌ಗಳನ್ನೆಲ್ಲ ಗುಡಿಸಿಕೊಂಡು, ಬಹುಪಾಲು ಮತ್ತೆ ಮೇಲೆ ಬಂತು.