ಮಲಗುವ ಹೊತ್ತಿಗೆ ಯಾವ ಪುಸ್ತಕ ಓದಲಿ?

ನಮ್ಮ ಬಡಾವಣೆಯ ಮಕ್ಕಳಿಗೆ ನಾನು ಶನಿವಾರ ಸಂಜೆ ಕಥೆ ಓದಿ ಹೇಳುತ್ತೇನೆ. ಓದು ಮುಗಿದು ಮಕ್ಕಳು ಚಪ್ಪಲಿ ಹುಡುಕುವಾಗ, ಕರೆದುಕೊಂಡು ಹೋಗಲು ಬಂದ ಅಪ್ಪ ಅಮ್ಮಂದಿರು ಕೇಳುವುದು ಒಂದೇ ಪ್ರಶ್ನೆ: “ರಾತ್ರಿ ಮಲಗಿಸುವಾಗ ಓದೋಕೆ ಹಳೇ ಕಾಲದ ಒಳ್ಳೆ ಪುಸ್ತಕ ಯಾವುದಿದೆ ಹೇಳಿ ಮೇಡಂ.”

ನಾನು ಮೊದಲು ಹೇಳುವುದು ಇಷ್ಟು. ಅಂಗಡಿಯಲ್ಲೇ ನಿಂತು ಒಂದು ಪುಟ ಬಾಯಿಬಿಟ್ಟು ಓದಿ. ನಾಲಿಗೆ ತೊಡರಿದರೆ ಆ ಪುಸ್ತಕ ಬೇಡ. ರಾತ್ರಿ ನಿಮಗೂ ಸುಸ್ತಾಗಿರುತ್ತದೆ. ತೊಡರುವ ವಾಕ್ಯವನ್ನು ಮೂರನೇ ದಿನಕ್ಕೇ ಕೈಬಿಡುತ್ತೀರಿ.

ನಮ್ಮ ಹಳೆಯ ಮಕ್ಕಳ ಸಾಹಿತ್ಯ ಈ ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುತ್ತದೆ. ಪಂಜೆ ಮಂಗೇಶರಾಯರು ಮೇಷ್ಟ್ರಾಗಿದ್ದವರು, ಶಾಲೆಗಳ ಇನ್ಸ್‌ಪೆಕ್ಟರ್ ಆಗಿದ್ದವರು. ಮಕ್ಕಳು ಯಾವ ಮಾತಿಗೆ ಕಿವಿ ನಿಮಿರಿಸುತ್ತಾರೆ ಎಂದು ತರಗತಿಯಲ್ಲೇ ಕಂಡಿದ್ದವರು. ಅವರ ‘ಗುಡುಗುಡು ಗುಮ್ಮಟ ದೇವರು’ ಕಥೆಯ ಹೆಸರನ್ನು ಸುಮ್ನೆ ಒಮ್ಮೆ ಜೋರಾಗಿ ಹೇಳಿ ನೋಡಿ. ಕಥೆ ಶುರುವಾಗುವ ಮೊದಲೇ ಮಕ್ಕಳು ನಗುತ್ತಾರೆ. ರಾಜರತ್ನಂ ಅವರ ತುತ್ತೂರಿ ಪದ್ಯವೂ ಹಾಗೇ. ಹೊಸ ತುತ್ತೂರಿ ಕೊಂಡ ಕಸ್ತೂರಿಯ ಜಂಬ, ಅದು ಕೊಳದ ನೀರಿಗೆ ಬಿದ್ದು ಬಣ್ಣ ಹೋಗುವುದು, ಎಲ್ಲ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಮೂರು ವರ್ಷದ ಮಗುವಿಗೆ ಅಷ್ಟೇ ಸಾಕು.

ಇನ್ನೂ ಚಿಕ್ಕ ಮಕ್ಕಳಿಗೆ ಕಾಗಕ್ಕ ಗುಬ್ಬಕ್ಕನನ್ನು ಮೀರಿಸಿದ್ದು ನನಗೆ ಸಿಕ್ಕಿಲ್ಲ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆ ಬಂತು, ಕಾಗಕ್ಕ ಬಂದು ಬಾಗಿಲು ತಟ್ಟಿತು. ಗುಬ್ಬಕ್ಕ ಒಳಗಿನಿಂದಲೇ ಒಂದೊಂದು ನೆಪ ಹೇಳುತ್ತದೆ: ಮಗುವಿಗೆ ನೀರು ಹಾಕ್ತಿದ್ದೀನಿ ತಾಳು, ಬಟ್ಟೆ ಹಾಕ್ತಿದ್ದೀನಿ ತಾಳು. ಮೂರನೇ ಸಲಕ್ಕೆ ‘ತಾಳು’ ಎನ್ನುವುದು ಮಗುವೇ. ಕೊನೆ ಮಾತ್ರ ಒಂದೊಂದು ಮನೆಯಲ್ಲಿ ಒಂದೊಂದು ತರಹ. ಅದನ್ನು ನಿಮ್ಮ ಅಮ್ಮನನ್ನೋ ಅಜ್ಜಿಯನ್ನೋ ಕೇಳಿಕೊಳ್ಳಿ, ಪುಸ್ತಕದಲ್ಲಿರುವುದಕ್ಕಿಂತ ಅದೇ ಚೆನ್ನಾಗಿರುತ್ತದೆ.

ಹಳೆಯದೆಲ್ಲ ಮಲಗುವ ಹೊತ್ತಿಗೆ ಒಗ್ಗುವುದಿಲ್ಲ. ಶಿವರಾಮ ಕಾರಂತರು 1936ರಲ್ಲಿ ತಂದ ಮಕ್ಕಳ ವಿಶ್ವಕೋಶ ‘ಬಾಲಪ್ರಪಂಚ’ದ ಮೂರು ಸಂಪುಟಗಳು ನನಗೆ ಬಹಳ ಪ್ರೀತಿ. ಆದರೆ ಅದು ಹಗಲಿನಲ್ಲಿ ನೆಲದ ಮೇಲೆ ಹರವಿಕೊಂಡು ನೋಡುವ ಪುಸ್ತಕ. ಪಂಚತಂತ್ರವನ್ನೂ ಆರಿಸಿ ಓದಬೇಕು. ಅದು ರಾಜಕುಮಾರರಿಗೆ ರಾಜನೀತಿ ಕಲಿಸಲು ಹುಟ್ಟಿದ ಕಥೆಗಳ ಗೊಂಚಲು. ಕೊಕ್ಕರೆ ಒಂದೊಂದೇ ಮೀನನ್ನು ನಂಬಿಸಿ ಹೊತ್ತೊಯ್ದು ತಿನ್ನುವ ಕಥೆ ನಾಲ್ಕು ವರ್ಷದ ಮಗುವಿಗೆ ರಾತ್ರಿ ಒಂಬತ್ತಕ್ಕೆ ಬೇಡ ಅಲ್ವಾ?

ಹಾಗಂತ ದುಃಖದ ಕಥೆ ಬೇಡ ಎನ್ನುತ್ತಿಲ್ಲ. ಗೋವಿನ ಹಾಡು ಓದುವಾಗ ಹುಲಿ ಸಾಯುವ ಭಾಗ ಬಿಟ್ಟುಬಿಡಲೇ ಎಂದು ಎಷ್ಟೋ ಜನ ಕೇಳುತ್ತಾರೆ. ಬಿಡಬೇಡಿ. ನನ್ನ ಮಗಳು ಐದು ವರ್ಷದವಳಿದ್ದಾಗ ಮೊದಲ ಸಲ ಕೇಳಿ ಅತ್ತಳು. ಆದರೆ ಅತ್ತದ್ದು ಹುಲಿಗಾಗಿ ಅಲ್ಲ. ಪುಣ್ಯಕೋಟಿ ತನ್ನ ಕರುವನ್ನು ಉಳಿದ ಹಸುಗಳ ಕೈಗೊಪ್ಪಿಸುವ ಕಡೆ. ನಾನು ಓದು ನಿಲ್ಲಿಸಿ ಅವಳನ್ನು ತಬ್ಬಿಕೊಂಡು ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ “ಮುಂದೆ ಓದು” ಎಂದಳು. ಪಕ್ಕದಲ್ಲಿ ಅಮ್ಮನ ಮೈ ಬೆಚ್ಚಗಿರುವಾಗ ಅಳುವುದಕ್ಕೆ ಮಗುವಿಗೆ ಭಯವಿಲ್ಲ. ಆ ರಾತ್ರಿ ಅವಳು ಚೆನ್ನಾಗಿಯೇ ನಿದ್ದೆ ಮಾಡಿದಳು.

ಆರು ದಾಟಿದ ಮಕ್ಕಳಿಗೆ ನಾನು ಕೊಡುವುದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ವಾದ್ಯ ನುಡಿಸಿ ಊರಿನ ಇಲಿಗಳನ್ನೆಲ್ಲ ಹಿಂದೆ ಕರೆದೊಯ್ದವನ ಕಥೆ. ಮೂಲ ಇಂಗ್ಲಿಷಿನದು, ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಪದ್ಯ. ಆದರೆ ಜರ್ಮನಿಯ ಹ್ಯಾಮೆಲಿನ್ ಇಲ್ಲಿ ತುಂಗೆಯ ದಡದ ಹಳ್ಳಿಯಾಗಿದೆ, ಕೊಳಲಿನವನು ಕಿಂದರಿ ಹಿಡಿದ ಜೋಗಿಯಾಗಿದ್ದಾನೆ. ಇಲಿಗಳ ಮೆರವಣಿಗೆಯನ್ನು ಜೋರಾಗಿ, ಉಸಿರು ಕಟ್ಟುವಷ್ಟು ಬೇಗ ಓದಿ. ಅದನ್ನು ಬರೆದಿರುವುದೇ ಹಾಗೆ ಓದಲಿಕ್ಕೆ. ಒಂದು ಎಚ್ಚರಿಕೆ. ಮಕ್ಕಳೆಲ್ಲ ಜೋಗಿಯ ಹಿಂದೆ ಹೋಗಿ ಬೆಟ್ಟ ಬಾಗಿಲು ಮುಚ್ಚಿಕೊಳ್ಳುವಲ್ಲಿ ನೀವು ಪುಸ್ತಕ ಮುಚ್ಚಿ ಎದ್ದು ಹೋಗಬೇಡಿ. ಮಾತಾಡಲಿಕ್ಕೆ ಹತ್ತು ನಿಮಿಷ ಇಟ್ಟುಕೊಳ್ಳಿ. ಪ್ರಶ್ನೆಗಳು ಬಂದೇ ಬರುತ್ತವೆ.

ಹಳೆಯ ಪದಗಳು ಅರ್ಥವಾಗದಿದ್ದರೆ? ಕೇಳಿದರೆ ಹೇಳಿ, ಕೇಳದಿದ್ದರೆ ಬಿಡಿ. ಪದದ ಬದಲು ಪದ ಹಾಕಿ ಸುಲಭ ಮಾಡಲು ಹೋದರೆ ಪ್ರಾಸ ಮುರಿದುಬೀಳುತ್ತದೆ, ಮಗು ತಕ್ಷಣ ಹಿಡಿಯುತ್ತದೆ. ಒಂದೇ ಕಥೆಯನ್ನು ತಿಂಗಳಿಡೀ ಕೇಳಿದರೂ ಓದಿ. ಮಗು ಆರಿಸಿದ ಪುಸ್ತಕಕ್ಕೆ ನಮ್ಮ ಆಯ್ಕೆಗಿಂತ ಜಾಸ್ತಿ ಬೆಲೆ.

ನನಗೆ ತೀರಾ ಇಷ್ಟವಾದದ್ದೊಂದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆ ಅದು. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ. ಯಾರಿಗೂ ಹೇಳುವುದಿಲ್ಲ. ಅವು ಬೇಸತ್ತು, ಅವಳು ನಿದ್ದೆಯಲ್ಲಿದ್ದಾಗ ಬಾಯಿಂದ ಹೊರಬಂದು, ಗಂಡಸಿನ ಒಂದು ಜೊತೆ ಚಪ್ಪಲಿ, ಒಂದು ಕೋಟು ಆಗಿ ಮನೆ ಮುಂದೆ ಕೂರುತ್ತವೆ. ಇವು ಯಾರದು ಎಂದು ಗಂಡ ಹೆಂಡಿರಿಗೆ ಜಗಳ. ಗಂಡ ಸಿಟ್ಟಿನಿಂದ ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಊರಿನಲ್ಲಿ ಆರಿಸಿದ ದೀಪಗಳೆಲ್ಲ ರಾತ್ರಿ ಅದೇ ಗುಡಿಗೆ ಬಂದು ಸೇರಿ ಮಾತಾಡುತ್ತಾ ಕೂರುತ್ತವಂತೆ. ತಡವಾಗಿ ಬಂದ ಒಂದು ದೀಪ ಆ ಜಗಳದ ಗುಟ್ಟು ಹೇಳುತ್ತದೆ.

ಈ ಕಥೆ ಓದಿದಂದಿನಿಂದ ನಮ್ಮ ಮನೆಯಲ್ಲಿ ಲೈಟ್ ಆರಿಸುವ ಕೆಲಸ ಮಗಳದ್ದು. ಸ್ವಿಚ್ ಒತ್ತಿ, ಕತ್ತಲಲ್ಲಿ ಓಡಿ ಬಂದು ಹೊದಿಕೆಯೊಳಗೆ ಸೇರಿಕೊಂಡು ಪಿಸುಗುಡುತ್ತಾಳೆ: “ಅಮ್ಮಾ, ನಮ್ಮದು ಈಗ ಗುಡಿ ಹತ್ರ ಹೋಗಿರುತ್ತೆ ಅಲ್ವಾ?”